ತುಟಿ ಅಲ್ಲಾಡದ ಪ್ರಾರ್ಥನೆ

ಹಾಸಿಗೆ ಬಿಟ್ಟು ಏಳಲಾಗದ ಆ ಬೆಳಗುಗಳಲ್ಲಿ ನನ್ನನ್ನು ಎಬ್ಬಿಸುತ್ತಿದ್ದದ್ದು ಡಾಕ್ಟರು ಖಿನ್ನತೆಗೆ ಕೊಟ್ಟ ಮಾತ್ರೆ ಮತ್ತು ಯೇಸುವಿನ ಹೆಸರು. ಮಾತ್ರೆಯ ವಿಷಯವನ್ನು ನಂಜನಗೂಡಿನಲ್ಲಿ ನಾನು ಹೇಳಿಕೊಂಡದ್ದು ಒಬ್ಬರಿಗೇ, ನಮ್ಮ ಪ್ರಾರ್ಥನಾ ಕೂಟ ನಡೆಸುವ ಅಕ್ಕನಿಗೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಯಾರ್ಗೂ ಯೋಳಲ್ಲ ಕಣವ್ವ, ಕರ್ತನ್ಗೊಬ್ಬನ್ಗೇ" ಅಂದರು. ಎಷ್ಟೋ ದಿನಗಳ ಮೇಲೆ ಅಂದು ಹೊಟ್ಟೆ ತುಂಬ ಉಂಡೆ.

ಮುಂದಿನ ಕೂಟದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಮಂಡಿಯೂರಿದ್ದಾಗ ಅಕ್ಕ ನನ್ನ ಹೆಸರು ಹಿಡಿದು ಗಟ್ಟಿಯಾಗಿ ಬೇಡಿದರು: "ಕರ್ತನೇ, ಈ ಮಗಳ ಮನಸ್ಸಿನ ಕಾಯಿಲೆ ವಾಸಿಮಾಡಪ್ಪಾ, ಆ ಮಾತ್ರೆ ಬಿಡಿಸಪ್ಪಾ." ಸುತ್ತಲಿದ್ದವರೆಲ್ಲ "ಆಮೆನ್" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಜಗಳ ಆಡುವುದು ಹೇಗೆ? ದೇವರಿಗೆ ಹೇಳಿದ್ದನ್ನು ಚಾಡಿ ಎನ್ನುವಂತಿಲ್ಲವಲ್ಲ!

ಆ ಕೂಟ ಬಿಟ್ಟೆ. ಭಾನುವಾರ ಬಸ್ಸು ಹತ್ತಿ ತಿ. ನರಸೀಪುರದ ಚರ್ಚಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಅಲ್ಲಿ ನನ್ನನ್ನು ಯಾರೂ ಬಲ್ಲವರಿರಲಿಲ್ಲ. ಆರಾಧನೆ ಮುಗಿದ ಮೇಲೆ ಪಕ್ಕದಲ್ಲಿದ್ದ ಅಜ್ಜಿ ಹೆಸರು, ಊರು ಕೇಳಿದರು. ಹೇಳಿದೆ. ಅವರು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು.

"ಓ, ಆ ಮಾತ್ರೆ ತಕಳೋ ಉಡ್ಗಿ ನೀನೇಯಾ? ನಿನ್ಗೋಸ್ಕರ ಇಲ್ಲೂ ಪ್ರಾರ್ಥ್ನೆ ಮಾಡ್ತೀವಿ ಕಣವ್ವ."

ಮಾತ್ರೆ ಬಿಟ್ಟಿಲ್ಲ, ಯೇಸುವನ್ನೂ ಬಿಟ್ಟಿಲ್ಲ. ನನ್ನ ನೋವನ್ನು ಕೇಳಿಯೂ ಊರಿಗೆ ಸಾರದವನು ಅವನೊಬ್ಬನೇ. ಆದರೂ ಈಗ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಒಬ್ಬಳೇ ಪ್ರಾರ್ಥಿಸುವಾಗಲೂ ತುಟಿ ಅಲ್ಲಾಡಿಸುವುದಿಲ್ಲ.