ಗುಮ್ಮಟದಡಿಯ ನಗು

ಊರಿನವರು ಅವನಿಗಿಟ್ಟ ಹೆಸರು ನಕ್ಷತ್ರದ ಮೇಷ್ಟ್ರು. ಶಾಲೆಯಲ್ಲಿ ಪಾಠ ಮಾಡಿದವನೇನಲ್ಲ. ತಾರಾಲಯದ ಗುಮ್ಮಟದಡಿ ಕೂತು, ವಿಶ್ವ ಹುಟ್ಟಿದ ಕಥೆಯನ್ನು ಮೈಕಿನಲ್ಲಿ ಹೇಳುವುದು ಅವನ ಕೆಲಸ. ದನಿಯೆಂದರೆ ಎಂಥ ದನಿ, ರಚ್ಚೆ ಹಿಡಿದ ಮಕ್ಕಳೂ ಬಾಯಿ ಮುಚ್ಚಿ ಕೇಳಬೇಕು. ಅದು ಅವನಿಗೂ ಗೊತ್ತಿತ್ತು, ಗೊತ್ತಿದ್ದೇ ಕೆಟ್ಟ.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ ಎಂದು ಅವನು ಜನ ಬರುವ ಮೊದಲೇ ಸಾಲುಗಳ ಹಿಂದಿದ್ದ ಮೈಕಿನ ಗೂಡು ಸೇರಿ ಪರದೆ ಎಳೆದುಕೊಳ್ಳುತ್ತಿದ್ದ. ಸಭಾಂಗಣದ ದೀಪ ಆರಿದ ಮೇಲೆಯೇ ಪರದೆ ಸರಿಸುವುದು, ಜನ ಹೋದ ಮೇಲೆಯೇ ಹೊರಗೆ ಬರುವುದು. ಹಾಗಾಗಿ ತನ್ನ ಕಥೆ ಕೇಳಿದವರ ಮುಖವನ್ನು ಅವನು ಕಂಡವನಲ್ಲ. ಅವರ ನಗು ಮಾತ್ರ ಕೇಳಿಸುತ್ತಿತ್ತು, ಅದರ ರುಚಿ ಹತ್ತಿಬಿಟ್ಟಿತ್ತು.

ಊಹೆಗೂ ನಿಲುಕದಷ್ಟು ಬಿಸಿಯಾಗಿ, ಒತ್ತಾಗಿ ಇದ್ದದ್ದು ಹಿಗ್ಗುತ್ತ ಹಿಗ್ಗುತ್ತ ಇಷ್ಟೆಲ್ಲ ಆಯಿತು ಎನ್ನುವವರೆಗೆ ಜನ ಉಸಿರು ಬಿಗಿಹಿಡಿದಿರುತ್ತಿದ್ದರು. ಅದಕ್ಕೂ ಮುಂಚೆ ಏನಿತ್ತು? ಇನ್ನೂ ಗೊತ್ತಿಲ್ಲ ಎಂದು ಸುಮ್ಮನಾಗಿದ್ದರೆ ಇವನ ಗಂಟೇನು ಹೋಗುತ್ತಿತ್ತು? "ವಿಜ್ಞಾನಿಗಳಿಗೆ ಗೊತ್ತಿಲ್ಲ, ನಮ್ಮನೆಯವಳಿಗೆ ಗೊತ್ತು" ಎಂದು ಶುರುಮಾಡಿ, ಹೆಂಡತಿಯ ಸಣ್ಣ ದನಿಯನ್ನು ಮೂಗಿನಲ್ಲಿ ಎಳೆದು ಅನುಕರಿಸುತ್ತಿದ್ದ: "ದೇವರೇ, ಇಷ್ಟೊಂದು ನಕ್ಷತ್ರ ನೋಡ್ಕೊಳ್ಳೋನು ನೀನು. ನಮ್ಮನೆಯವರೊಬ್ಬರು ನಿನಗೆ ಭಾರಾನಾ?" ಗುಮ್ಮಟ ಹಾರಿಹೋಗುವಂತೆ ಜನ ನಗುತ್ತಿದ್ದರು.

ಆ ಮಾತು ಅವನು ಕಟ್ಟಿದ್ದಲ್ಲ. ಅವನ ಎದೆಯ ಆಪರೇಷನ್ನಿನ ಹಿಂದಿನ ಸಂಜೆ, ಗಂಡನಿಗೆ ನಿದ್ದೆ ಹತ್ತಿದೆ ಎಂದುಕೊಂಡು ಆಸ್ಪತ್ರೆಯ ಮಂಚದ ಪಕ್ಕ ನಿಂತು ಅವಳು ಬೇಡಿಕೊಂಡದ್ದು. ಆಗ ಇವನೂ ಹೊದಿಕೆಯೊಳಗೆ ಕೈಜೋಡಿಸಿದ್ದ. ಅದನ್ನೂ ಮೈಕಿನಲ್ಲಿ ಹೇಳುವಷ್ಟು ಧೈರ್ಯ ಆಸಾಮಿಗೆ ಎಲ್ಲಿಂದ ಬರಬೇಕು.

ಒಂದು ಭಾನುವಾರ ಅವಳು ಹೊಲಿಗೆ ತರಗತಿಯ ಗೆಳತಿಯರನ್ನು ಕರೆದುಕೊಂಡು ಪ್ರದರ್ಶನಕ್ಕೆ ಬಂದಳು. ಗಂಡನಿಗೆ ಆಮೇಲೆ ಅಚ್ಚರಿಯಾಗಲಿ ಎಂದು ಮೊದಲೇ ಹೇಳಿರಲಿಲ್ಲ. ಇವನು ಎಂದಿನಂತೆ ಗೂಡಿನಲ್ಲಿ ಕೂತು ಎಂದಿನಂತೆ ನಗಿಸಿದ. ಎಲ್ಲ ಮುಗಿದ ಮೇಲೆ ಬಾಗಿಲು ಕಾಯುವವನು ಬಂದು, ನಿಮ್ಮ ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು ಎಂದಾಗ ಇವನ ಬಾಯಿಯ ಹತ್ತಿರ ಬಂದಿದ್ದ ಟೀ ಲೋಟ ಅಲ್ಲೇ ನಿಂತಿತು.

ದಾರಿಯುದ್ದಕ್ಕೂ ಸಮಜಾಯಿಷಿ ಜೋಡಿಸಿಕೊಂಡ. ಎರಡು ಬೈದುಬಿಟ್ಟರೆ ಮುಗಿದುಹೋಗುತ್ತದೆ ಎಂದುಕೊಂಡ. ಅವಳು ಬೈಯಲಿಲ್ಲ, ಊಟಕ್ಕೆ ಬಡಿಸಿದಳು. ಕೊನೆಗೆ ಅವನೇ ಬಾಯಿಬಿಟ್ಟು, ಜನರನ್ನು ನಗಿಸಲಿಕ್ಕೆ ಏನೋ ಅಂದದ್ದು ಎಂದ.

"ನಾನೂ ನಕ್ಕೆ," ಅಂದಳು. "ಅವರೆಲ್ಲ ನನ್ನ ತಿವಿದು ತಿವಿದು ನಗ್ತಿದ್ರು. ನಾನೊಬ್ಬಳು ಸುಮ್ನೆ ಕೂತ್ರೆ ನಿಮ್ಮ ಮಾನ ಹೋಗುತ್ತಲ್ಲ, ಅದಕ್ಕೆ."

ತಟ್ಟೆ ಎತ್ತುತ್ತ, "ನನಗೆ ಗೊತ್ತು ಅಂದ್ರಲ್ಲ, ನನಗೇನು ಗೊತ್ತು? ಗೊತ್ತಿಲ್ಲ ಅಂತಲೇ ತಾನೆ ದೇವರನ್ನ ಕೇಳ್ಕೊಳ್ಳೋದು" ಎಂದಳು.

ಅವನಿಗೆ ಆಗ ಹೊಳೆಯಿತು. ಮೈಕಿನಲ್ಲಿ ತಾನು ವಿಜ್ಞಾನಿಗಳ ಪರವಾಗಿ ಗತ್ತಿನಿಂದ ಹೇಳುವ 'ಗೊತ್ತಿಲ್ಲ'ವೂ ಇವಳ 'ಗೊತ್ತಿಲ್ಲ'ವೂ ಒಂದೇ ಹೊಸ್ತಿಲಲ್ಲಿ ನಿಂತಿದ್ದವು. ತಾನು ಒಂದಕ್ಕೆ ಕುರ್ಚಿ ಹಾಕಿ, ಇನ್ನೊಂದನ್ನು ನಗೆಪಾಟಲು ಮಾಡಿದ್ದ.

ಮಾರನೆಯ ದಿನದ ಪ್ರದರ್ಶನದಲ್ಲಿ ಅವನು ಗೊತ್ತಿಲ್ಲ ಎಂದು ಹೇಳಿ ನಿಲ್ಲಿಸಿದ. ನಾನೂ ಒಮ್ಮೆ ಕೈಮುಗಿದಿದ್ದೆ ಎನ್ನಲು ಹೊರಟ, ಬಾಯಿ ಬರಲಿಲ್ಲ.

ಸಂಜೆ ಮನೆಗೆ ಬಂದಾಗ ಒಳಕೋಣೆಯಿಂದ ಅವಳ ಪ್ರಾರ್ಥನೆ ಕೇಳಿಸುತ್ತಿತ್ತು. ಇವನ ಚಪ್ಪಲಿಯ ಸದ್ದಾಗುತ್ತಲೇ ನಿಂತುಹೋಯಿತು. ಆಮೇಲೆ ದಿನವೂ ಅಷ್ಟೇ. ಈಗ ಅವನು ಗೇಟಿನಲ್ಲೇ ಚಪ್ಪಲಿ ಬಿಟ್ಟು, ಕಳ್ಳನ ಹಾಗೆ ಬಂದು, ಅವಳದು ಮುಗಿಯುವವರೆಗೂ ಮೆಟ್ಟಿಲ ಮೇಲೆ ಕೂತಿರುತ್ತಾನೆ. ತನ್ನ ಹೆಸರೆತ್ತಿ ಅವಳು ಇನ್ನೂ ಬೇಡಿಕೊಳ್ಳುತ್ತಾಳೋ ಇಲ್ಲವೋ, ಅಲ್ಲಿಗೆ ಕೇಳಿಸುವುದಿಲ್ಲ.