ಲಾಭ, ಎರಡು, ಮೂರು

ಆ ಪ್ರಶ್ನೆಯನ್ನು ಶಾಲಾ ಇನ್ಸ್‌ಪೆಕ್ಟರಿಗೆ ಹೇಳಿಕೊಟ್ಟವನು ನಾನೇ ಹೌದೋ ಅಲ್ಲವೋ, ಖಚಿತವಾಗಿ ಹೇಳಲಾರೆ. ಹೇಳಿಕೊಟ್ಟೆ ಅನ್ನಿಸುವ ದಿನ ಕೈಯಲ್ಲಿದ್ದ ಚಹಾದ ಲೋಟ, ಅದರ ಬಿಸಿ, ನಾನು ದನಿ ತಗ್ಗಿಸಿದ್ದು ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಹೇಳಿಕೊಡಲಿಲ್ಲ ಅನ್ನಿಸುವ ದಿನ ಅದೇ ಲೋಟ ಹಿಡಿದು ಗೋಡೆಯ ಭೂಪಟ ನೋಡುತ್ತ ಸುಮ್ಮನೆ ನಿಂತಿರುತ್ತೇನೆ. ಎರಡೂ ಚಿತ್ರ ಒಂದೇ ಸಮ ಸ್ಪಷ್ಟ. ಪುರಾವೆಯಿಲ್ಲದೆ ಏನನ್ನೂ ಒಪ್ಪಬಾರದೆಂದು ವಿಶ್ವವಿದ್ಯಾನಿಲಯದಲ್ಲಿ ಕಲಿತು ಬಂದವನಿಗೆ ಇದು ನಾಚಿಕೆಯ ಸಂಗತಿ. ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಜಗಳೂರು ಕಡೆಯವನು. ಮೈಸೂರಿನಲ್ಲಿ ಗಣಿತ ಎಂ.ಎಸ್ಸಿ. ಮುಗಿಸಿ, ಎರಡು ವರ್ಷ ಕಂಡ ಕಂಡ ಕಾಲೇಜಿಗೆಲ್ಲ ಅರ್ಜಿ ಹಾಕಿ ಸೋತಿದ್ದೆ. ಕೆಲಸವಿಲ್ಲದ ಪದವೀಧರರಿಗೆ ಸಣ್ಣ ಸ್ಟೈಪೆಂಡು ಕೊಟ್ಟು ಶಾಲೆಗೋ ಕಚೇರಿಗೋ ಹಾಕುತ್ತಿದ್ದ ಕಾಲ. ನನಗೆ ಸಿಕ್ಕಿದ್ದು ಸವಳಂಗದ ಹತ್ತಿರದ ಒಂದು ಹಳ್ಳಿಯ ಪ್ರಾಥಮಿಕ ಶಾಲೆ. ನ್ಯಾಮತಿಯಲ್ಲಿ ರೂಮು ಹಿಡಿದು ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ವಾಪಸಾಗುತ್ತಿದ್ದೆ.

ಶಾಲೆಗೆ ಒಂದು ಉದ್ದನೆಯ ಹೆಂಚಿನ ಹಾಲು. ನಡುವೆ ಗೋಡೆಯಿಲ್ಲ. ಒಂದು ತುದಿಯಲ್ಲಿ ನನ್ನ ನಾಲ್ಕನೇ ತರಗತಿ, ಇನ್ನೊಂದು ತುದಿಯಲ್ಲಿ ಮೂರನೆಯದು. ಮೂರನೆಯದನ್ನು ನೋಡಿಕೊಳ್ಳುತ್ತಿದ್ದವರು ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಎಸ್ಸೆಸ್ಸೆಲ್ಸಿ ಮುಗಿಸಿ ಟೀಚರ್ ಟ್ರೈನಿಂಗ್ ಮಾಡಿದ್ದರು, ಅಷ್ಟೇ. ಗೋವಿನಕೋವಿ ಕಡೆಯಿಂದ ಬರುತ್ತಿದ್ದರು. ಊರಿನವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಕರೆಯುವಾಗ ಮರ್ಯಾದೆ ನಾಲಿಗೆಯಲ್ಲಿ ಇರುತ್ತಿತ್ತು, ಇನ್ನೆಲ್ಲೂ ಇರುತ್ತಿರಲಿಲ್ಲ.

ನನ್ನ ತುದಿಯಲ್ಲಿ ಭಾಗಾಕಾರ ಹೀಗೆ ನಡೆಯುತ್ತಿತ್ತು: ಭಾಜ್ಯ, ಭಾಜಕ, ಭಾಗಲಬ್ಧ, ಶೇಷ ಎಂದು ಬೋರ್ಡಿನ ಮೇಲೆ ಬರೆದು ಹತ್ತು ಸಲ ಓದಿಸುತ್ತಿದ್ದೆ. ಆಮೇಲೆ ಭಾಗಿಸು, ಗುಣಿಸು, ಕಳೆ, ಇಳಿಸು. ಮಕ್ಕಳು ಸ್ಲೇಟಿನ ಮೇಲೆ ಅಂಕಿಗಳನ್ನು ಮೆಟ್ಟಿಲಿನ ಹಾಗೆ ಇಳಿಸುತ್ತ ಹೋಗುತ್ತಿದ್ದರು. ಎಲ್ಲಿಗೆ ಇಳಿಯುತ್ತಿದ್ದೇವೆಂದು ಅವರಿಗೂ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಆ ತುದಿಯಲ್ಲಿ ಅಕ್ಕೋರು ನೆಲದ ಮೇಲೆ ಗೋಣಿತಾಟು ಹಾಸಿ ಹುಣಸೆಬೀಜ ಸುರಿಯುತ್ತಿದ್ದರು. ಜೊತೆಗೆ ಒಂದು ತೆಂಗಿನ ಕರಟ.

"ಇಪ್ಪತ್ತೆಂಟು ಬೀಜ ಐತೆ. ಕರಟಕ್ಕೆ ನಾಕು ಹಿಡೀತೈತೆ ಅಂತ ಇಟ್ಕ. ಎಷ್ಟು ಕರಟ ಆಗ್ತೈತೆ? ಬಾಯಲ್ಲಿ ಹೇಳಬ್ಯಾಡ, ಅಳಿ."

ಮುಂದೆ ಕೂತ ಮಗು ನಾಲ್ಕು ನಾಲ್ಕೇ ಬೀಜ ಕರಟಕ್ಕೆ ಹಾಕಿ ಆಚೆ ಸುರಿಯುತ್ತಿತ್ತು. ಇಡೀ ತರಗತಿ ಎಣಿಸುತ್ತಿತ್ತು. "ಲಾಭ... ಎರಡು... ಮೂರು... ನಾಕು..."

ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಯಾರೂ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾರೆ. ಎರಡನೆಯದರಿಂದ ಎಂದಿನ ಎಣಿಕೆ. ಆ ಮಕ್ಕಳೆಲ್ಲ ಅಪ್ಪ ಅಮ್ಮ ಅಳೆಯುವುದನ್ನು ಕಣದ ಅಂಚಿನಲ್ಲಿ ಕೂತು ನೋಡಿದವರು. ಕೆಲವರದು ಸ್ವಂತ ರಾಶಿ, ಹೆಚ್ಚಿನವರದು ಕೂಲಿಗೆ ಹೋದ ಮನೆಯ ರಾಶಿ. ಭಾಗಾಕಾರ ಅವರಿಗೆ ಹೊಸದಾಗಿರಲಿಲ್ಲ. ಅದು ಶಾಲೆಯೊಳಗೂ ನಡೆಯುವಂಥದ್ದು ಎಂಬುದಷ್ಟೇ ಹೊಸದು.

"ಎಷ್ಟಾತು?"

"ಏಳು, ಅಕ್ಕೋರೆ!"

"ಮೂವತ್ತು ಇದ್ದಿದ್ರೆ?"

"ಏಳೇ. ಎರಡು ಬೀಜ ಕಣದಾಗೆ ಉಳೀತಾವೆ."

ಮೂರನೇ ತರಗತಿಗೆ ಶೇಷ ಅರ್ಥವಾಗಿತ್ತು. ಆ ಪದವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ನನ್ನ ಮಕ್ಕಳಿಗೆ ಪದ ಬರುತ್ತಿತ್ತು. ನಾನು ಬೋರ್ಡಿನ ಕಡೆ ತಿರುಗಿದರೆ ಸಾಕು, ಮೂವತ್ತು ಕತ್ತುಗಳು ಆ ತುದಿಗೆ ತಿರುಗುತ್ತಿದ್ದವು.

"ಸಾ, ನಾವೂ ಅಳಿಯಣ ಸಾ?" ಎಂದು ಒಂದು ದಿನ ನನ್ನ ತರಗತಿಯ ಹುಡುಗಿಯೊಬ್ಬಳು ಕೇಳಿದಳು.

"ಇದು ನಾಲ್ಕನೇ ಕ್ಲಾಸು. ಹೊಲ ಅಲ್ಲ."

"ಹೊಲದಾಗೆ ಯಾರೂ ಅಳಿಯಲ್ಲ ಸಾ, ಕಣದಾಗೆ ಅಳೀತಾರೆ" ಎಂದು ಹಿಂದಿನಿಂದ ಯಾವನೋ ಅಂದ. ಇಡೀ ತರಗತಿ ನಕ್ಕಿತು. ರೈತನ ಮಗನಾದ ನನಗೆ ಅದನ್ನು ಹೇಳಿಕೊಡಬೇಕಾಗಿ ಬಂತಲ್ಲ ಎಂದು ನನ್ನ ಕಿವಿ ಬಿಸಿಯಾಯಿತು.

ಒಂದು ಶನಿವಾರ ಎಲ್ಲರೂ ಹೋದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಕ್ಕೋರ ಮೂಲೆಗೆ ಹೋಗಿ ಬೀಜದ ಚೀಲ ಬಿಚ್ಚಿದೆ. ಒಂದು ರಾಶಿಯಿಂದ ಮತ್ತೆ ಮತ್ತೆ ಅಷ್ಟಷ್ಟೇ ತೆಗೆಯುತ್ತ ಹೋಗುವುದೇ ಭಾಗಾಕಾರ ಎಂಬುದನ್ನು ನಾನು ಪ್ರಮೇಯವಾಗಿ, ಸಾಧನೆ ಸಮೇತ ಓದಿದ್ದೆ, ಅದಕ್ಕೆ ಒಳ್ಳೆಯ ಅಂಕವನ್ನೂ ತೆಗೆದುಕೊಂಡಿದ್ದೆ. ಅದು ಒಂದು ಕರಟದಲ್ಲಿ ಹಿಡಿಯುತ್ತದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಈ ಹೆಂಗಸಿಗೆ ಪ್ರಮೇಯದ ಗಂಧಗಾಳಿಯೂ ಇಲ್ಲ, ಆದರೂ ಹೊಳೆದಿದೆ. ಚೀಲವನ್ನು ಮೊದಲಿನಂತೆಯೇ ಕಟ್ಟಿಟ್ಟೆ. ಗಂಟನ್ನು ಹಾಗೆಯೇ ಹಾಕಲು ನಾಲ್ಕು ಸಲ ಪ್ರಯತ್ನಿಸಿದ ನೆನಪು.

ಸೋಮವಾರ ಹೆಡ್ ಮೇಷ್ಟ್ರ ಹತ್ತಿರ ದೂರು ಹೇಳಿದೆ. ನನ್ನ ಹೊಟ್ಟೆಕಿಚ್ಚಿಗೆ ವೈಚಾರಿಕತೆಯ ಅಂಗಿ ತೊಡಿಸಿಕೊಂಡೇ ಹೋಗಿದ್ದೆ.

"ಒಂದಕ್ಕೆ ಲಾಭ ಅಂತ ಕಲಿಸಿದ್ರೆ ಹೆಂಗೆ ಸಾರ್? ಅದು ಗಣಿತ ಅಲ್ಲ, ಮೂಢನಂಬಿಕೆ."

ಅವರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು: "ನಿಮ್ಮಪ್ಪಾರು ರಾಶಿ ಅಳಿಯೋವಾಗ ಏನಂತಾರ್ರೀ?"

"...ಲಾಭ ಅಂತಾರೆ."

"ಹಂಗಾರೆ ಅವ್ರಿಗೂ ಒಂದು ನೋಟೀಸು ಕಳಿಸಣ ಬಿಡ್ರಿ."

ನಾನು ಎದ್ದು ಹೊರಡುವವನಿದ್ದೆ. ಅವರು ಕೂರಿಸಿದರು. ಜೂನ್‌ನಲ್ಲಿ ಮೂರನೇ ತರಗತಿಯ ಮಕ್ಕಳು ನಾಲ್ಕಕ್ಕೆ ಬರುತ್ತಾರಷ್ಟೆ. ಅವರ ಜೊತೆ ಅಕ್ಕೋರನ್ನೇ ನಾಲ್ಕಕ್ಕೆ ಕಳಿಸಿ ಎಂದು ಊರಿನವರು ಕೇಳುತ್ತಿದ್ದಾರೆ ಎಂದರು.

"ಹಂಗಾದ್ರೆ ನಾನು?"

"ಒಂದನೇ ಕ್ಲಾಸು ಖಾಲಿ ಐತಲ್ಲ."

"ಎಂ.ಎಸ್ಸಿ. ಮಾಡಿದೋನು ಅ ಆ ಇ ಈ ಬರೆಸಲಾ ಸಾರ್?"

"ಅ ಆ ಇ ಈ ಬರ್ದೇ ತಾನೇ ನೀವೂ ಎಂ.ಎಸ್ಸಿ. ಮಾಡಿದ್ದು? ಸಿಟ್ಟಾಗಬ್ಯಾಡ್ರಿ. ಮುಂದಿನ ತಿಂಗ್ಳು ಹೊನ್ನಾಳಿಯಿಂದ ಇನ್ಸ್‌ಪೆಕ್ಟ್ರು ಬರ್ತಾರೆ. ಎರಡೂ ಕ್ಲಾಸಿಗೆ ಲೆಕ್ಕ ಕೇಳ್ಲಿ. ಅವ್ರು ಹೇಳ್ದಂಗೆ ಮಾಡಣ."

ಅಲ್ಲಿಂದ ಮುಂದೆ ನಾನು ಬೇರೇನನ್ನೂ ಯೋಚಿಸಲಿಲ್ಲ. ಒಂದನೇ ತರಗತಿಯ ಅವಮಾನ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಆ ಮಕ್ಕಳು ನನಗೆ ಬೇಕಿದ್ದರು. ಭಾಗಾಕಾರ ಕಲಿತು ಮುಗಿಸಿದ ಆ ಮಕ್ಕಳು ಜೂನ್‌ನಲ್ಲಿ ನನ್ನ ಮುಂದೆ ಬಂದು ಕೂತರೆ ನೋಡಿದವರು ನನ್ನನ್ನೇ ಮೆಚ್ಚುತ್ತಾರೆ. ಅಕ್ಕೋರ ಅಳತೆಯಲ್ಲಿ ಎಲ್ಲಿ ಬಿರುಕಿದೆ ಎಂದು ದಿನವೂ ಕಿವಿಗೊಟ್ಟು ಕೇಳತೊಡಗಿದೆ. ಕೊನೆಗೆ ಸಿಕ್ಕಿತು. ಮಕ್ಕಳು ಎಣಿಕೆ ನಿಂತಲ್ಲಿನ ಮಾತನ್ನೇ ಉತ್ತರವಾಗಿ ಹೇಳುತ್ತಿದ್ದರು. ಏಳಕ್ಕೆ ನಿಂತರೆ ಏಳು, ಐದಕ್ಕೆ ನಿಂತರೆ ಐದು. ಮೊದಲನೆಯದಕ್ಕೇ ನಿಂತರೆ? ಅಕ್ಕೋರು ಅಂಥ ಲೆಕ್ಕವನ್ನು ಕೊಟ್ಟೇ ಇರಲಿಲ್ಲ. ಅವರಿಗೆ ಒಂದು ಮಾತು ಹೇಳಬಹುದಿತ್ತು. ದಿನಾ ಸಂಜೆ ಇಬ್ಬರೂ ಒಂದೇ ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದೆವು. ನಾನು ಹೇಳಲಿಲ್ಲ. ಇದರ ಬಗ್ಗೆ ನನಗೆ ಅನುಮಾನವಿಲ್ಲ.

ಇನ್ಸ್‌ಪೆಕ್ಟರು ಬಂದರು. ದಪ್ಪ ಮನುಷ್ಯ, ಮಾತಿಗೊಮ್ಮೆ ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದರು. ಹೆಡ್ ಮೇಷ್ಟ್ರ ಕೋಣೆಯಲ್ಲಿ ಚಹಾ ಕುಡಿಯುತ್ತ ನನ್ನ ಓದು ವಿಚಾರಿಸಿದರು. ಎಂ.ಎಸ್ಸಿ. ಎಂದು ಕೇಳಿ ಹುಬ್ಬೇರಿಸಿದರು. ಆಮೇಲೆ "ಮೂರನೇ ಕ್ಲಾಸಿಗೆ ಏನು ಕೇಳಬಹುದ್ರೀ?" ಎಂದರು. ಅಥವಾ ಅನ್ನಲಿಲ್ಲ. ನಾನು "ಒಂದು ಸಂಖ್ಯೆಯನ್ನು ಅದೇ ಸಂಖ್ಯೆಯಿಂದ ಭಾಗಿಸೋಕೆ ಹೇಳಿ ಸಾರ್, ತಳಪಾಯ ಗೊತ್ತಾಗುತ್ತೆ" ಎಂದೆ. ಅಥವಾ ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದಿದ್ದರು. ಆ ಪ್ರಶ್ನೆ ಯಾವ ಇನ್ಸ್‌ಪೆಕ್ಟರಿಗೂ ತಾನಾಗಿಯೇ ಹೊಳೆಯಬಹುದಾದದ್ದು ಎಂದು ಆಗಾಗ ನನಗೆ ನಾನೇ ವಾದಿಸಿಕೊಳ್ಳುತ್ತೇನೆ. ವಾದ ಕೆಟ್ಟದೇನಲ್ಲ.

ಮೂರನೇ ತರಗತಿಯ ಮುಂದೆ ನಿಂತು ಅವರು ಮೊದಲ ಪ್ರಶ್ನೆಯನ್ನೇ ಹಾಗೆ ಕೇಳಿದರು: "ಎಂಟನ್ನ ಎಂಟರಿಂದ ಭಾಗಿಸಿದ್ರೆ ಎಷ್ಟು?"

ಮಕ್ಕಳೆಲ್ಲ ಒಂದೇ ಉಸಿರಿಗೆ ಕೂಗಿದರು. "ಲಾಭ!"

ನನ್ನ ತುದಿಯಲ್ಲಿ ಕಿಸಕ್ಕೆಂದರು. ಅಕ್ಕೋರ ಮುಖದ ಬಣ್ಣ ಇಳಿಯಿತು. ಅವರು ಕಟ್ಟಿ ನಿಲ್ಲಿಸಿದ್ದೆಲ್ಲ ಒಂದು ಮಾತಿಗೆ ಕುಸಿಯುವುದನ್ನು ನಾನು ಬೋರ್ಡಿಗೆ ಒರಗಿ ನಿಂತು ನೋಡಿದೆ. ಒಳಗೆ ತಣ್ಣಗಾಯಿತು ಎಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ, ಆದರೆ ಆದದ್ದು ಹಾಗೆಯೇ.

ಇನ್ಸ್‌ಪೆಕ್ಟರು ಕತ್ತು ಒರೆಸಿಕೊಂಡರು. ಮುಂದೆ ಕೂತಿದ್ದ ಎರಡು ಜಡೆಯ ಹುಡುಗಿಯನ್ನು ಎಬ್ಬಿಸಿ, "ಲಾಭ ಅಂದ್ರೆ ಎಷ್ಟಮ್ಮ?" ಎಂದರು.

"ಒಂದು ಸಾ" ಎಂದಳು. ಇಷ್ಟೂ ಗೊತ್ತಿಲ್ಲವೇ ಎಂಬಂತೆ ಅವರನ್ನು ನೋಡಿ, "ನಿಮ್ಮನೇಲಿ ರಾಶಿ ಅಳಿಯಲ್ವ ಸಾ?" ಎಂದು ಸೇರಿಸಿದಳು.

ಇನ್ಸ್‌ಪೆಕ್ಟರು ಹೊಟ್ಟೆ ಕುಲುಕುವಂತೆ ನಕ್ಕರು. "ಅಳೀತೀವಮ್ಮ, ನಮ್ಮಣ್ಣ ಅಳೀತಾನೆ. ಸರಿ, ಎಂಟು ತೆಗೆದ ಮ್ಯಾಲೆ ಏನು ಉಳೀತು?"

"ಏನಿಲ್ಲ ಸಾ. ಕಣ ಖಾಲಿ."

ಅವರು ಅಲ್ಲಿಂದ ಸೀದಾ ಹಾಲು ದಾಟಿ ನನ್ನ ಕಡೆ ಬಂದರು. ಅದೇ ಪ್ರಶ್ನೆ ಕೇಳಿದರು. ನನ್ನ ಮಕ್ಕಳು ಮೂರನೆಯವರಿಗಿಂತ ಜೋರಾಗಿ, ಗೆದ್ದವರ ದನಿಯಲ್ಲಿ ಕೂಗಿದರು. "ಸೊನ್ನೆ ಸಾ!"

"ಹೆಂಗೆ?"

"ಎಂಟರಾಗೆ ಎಂಟು ಕಳೆದ್ರೆ ಸೊನ್ನೆ ಸಾ."

ನಾನು ಕಲಿಸಿದ ಮೆಟ್ಟಿಲುಗಳ ಕೊನೆಯಲ್ಲಿ ದಿನವೂ ಸೊನ್ನೆಯೇ ಬರುತ್ತಿತ್ತು. ಮಕ್ಕಳು ಅದನ್ನೇ ಉತ್ತರವೆಂದು ಇಟ್ಟುಕೊಂಡಿದ್ದರು. ಒಂದು ವರ್ಷ ನಾನು ಅದನ್ನು ಕಂಡಿರಲಿಲ್ಲ. ಅಕ್ಕೋರ ಬಿರುಕು ಹುಡುಕುವುದರಲ್ಲೇ ಮುಳುಗಿದ್ದೆ. ಈಗ ನಗುವ ಸರದಿ ಮೂರನೆಯವರದು. ಅಕ್ಕೋರು ತಕ್ಷಣ ಅವರ ಬಾಯಿ ಮುಚ್ಚಿಸಿದರು.

"ನಗಬ್ಯಾಡ್ರೋ. ಅವ್ರು ನಿಮ್ಮ ಅಕ್ಕ ಅಣ್ಣಂದಿರಲ್ಲೇನು?"

ಮಕ್ಕಳ ನಗುವನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಸಂಜೆ ಮರದ ಕೆಳಗೆ ಅಕ್ಕೋರೇ ಮಾತು ತೆಗೆದರು. "ಒಳ್ಳೆ ಪ್ರಶ್ನೆ ಅದು ಸಾರ್. ಒಂದು ಬರೋ ಲೆಕ್ಕ ನಾನು ಕೊಟ್ಟೇ ಇರಲಿಲ್ಲ ನೋಡ್ರಿ." ನನ್ನನ್ನು ಇರಿದರೋ, ಸಹಜವಾಗಿ ಅಂದರೋ? ಅವರ ಮುಖ ನೆನೆಸಿಕೊಳ್ಳಲು ಎಷ್ಟೋ ಸಲ ಯತ್ನಿಸಿದ್ದೇನೆ. ಸೆರಗು ಮಾತ್ರ ನೆನಪಾಗುತ್ತದೆ, ಧೂಳಿಗೆ ಮೂಗಿಗೆ ಅಡ್ಡ ಹಿಡಿದಿದ್ದರು. "ನಾಳೆಯಿಂದ ಬೀಜದ ಚೀಲ ನಿಮ್ಮ ಕಡೆಗೂ ಕೊಡ್ಲಾ ಸಾರ್? ಒಟ್ಟಿಗೇ ಅಳಿಸಣ."

"ಬ್ಯಾಡ್ರಿ. ನನ್ನ ಮಕ್ಕಳಿಗೆ ಅಭ್ಯಾಸ ತಪ್ಪುತ್ತೆ" ಎಂದೆ.

ಮುಂದೆ ನನಗೆ ಚನ್ನಗಿರಿಯಲ್ಲಿ ಜೂನಿಯರ್ ಕಾಲೇಜಿನ ಕೆಲಸ ಸಿಕ್ಕಿತು. ಎಂಬತ್ತರ ದಶಕದ ನಡುವೆ ಅಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕರಿಗೆ ಒಂದು ತರಬೇತಿ ನಡೆದಾಗ ಗಣಿತದ ಬಗ್ಗೆ ಮಾತಾಡಲು ನನ್ನನ್ನು ಕರೆದರು. ನಾನು ಹುಣಸೆಬೀಜ, ಕರಟ ಎಲ್ಲ ತರಿಸಿಕೊಂಡು ಲಾಭ, ಎರಡು, ಮೂರು ಎಂದು ಅಳೆದು ತೋರಿಸಿದೆ. "ನಾನು ಹಳ್ಳಿಯಲ್ಲಿದ್ದಾಗ ಹೀಗೆ ಕಲಿಸುತ್ತಿದ್ದೆ" ಎಂದೆ. ಆ ವಾಕ್ಯ ಯಾವ ಅಡೆತಡೆಯೂ ಇಲ್ಲದೆ ಬಾಯಿಂದ ಬಂತು. ಚಪ್ಪಾಳೆ ಬಿತ್ತು. ಮರುವರ್ಷ ಮತ್ತೆ ಹೇಳಿದೆ. ಇನ್ಸ್‌ಪೆಕ್ಟರು, ಎರಡು ಜಡೆಯ ಹುಡುಗಿ ಎಲ್ಲ ನನ್ನ ತುದಿಗೆ ಬಂದರು. ಸೊನ್ನೆ ಎಂದು ಕೂಗಿದ ಮಕ್ಕಳು ಪಕ್ಕದ ತರಗತಿಗೆ ಹೋದರು. ಅಲ್ಲಿ ಕಲಿಸುತ್ತಿದ್ದವರು ಯಾರೆಂದು ಯಾರೂ ಕೇಳಲಿಲ್ಲ.

ಇನ್ನೊಬ್ಬರದನ್ನು ಬಯಸಿದವನು ಅದನ್ನು ಕದಿಯಬಹುದು, ಆಶ್ಚರ್ಯವಿಲ್ಲ. ನನ್ನನ್ನು ಗಾಬರಿಗೊಳಿಸಿದ್ದು ಬೇರೆ. ಹೇಳುತ್ತ ಹೇಳುತ್ತ ನಾನೇ ನಂಬತೊಡಗಿದ್ದೆ. ಜೂನ್‌ನಲ್ಲಿ ಒಂದೆರಡು ವಾರ ಒಂದನೇ ತರಗತಿ ನೋಡಿಕೊಂಡೆ, ಆಮೇಲೆ ನಾಲ್ಕನೆಯದು ನನಗೇ ಬಂತು, ಆ ಹುಡುಗಿಗೆ ಭಿನ್ನರಾಶಿ ಹೇಳಿಕೊಟ್ಟೆ ಎಂದು ನೆನಪಿತ್ತು. ಅವಳು ಸ್ಲೇಟು ಒರೆಸುತ್ತಿದ್ದ ರೀತಿ ಸಹ ಕಣ್ಣ ಮುಂದಿತ್ತು.

ಆ ದಶಕದ ಕೊನೆಗೆ ಹೊನ್ನಾಳಿಯಲ್ಲಿ ಏನೋ ಪರೀಕ್ಷೆಯ ಕೆಲಸ ಬಿತ್ತು. ಮುಗಿಸಿಕೊಂಡು ಸವಳಂಗದ ಬಸ್ಸು ಹತ್ತಿದೆ. ಶಾಲೆಯಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಅಕ್ಕೋರಿಗೆ ಎಂದೋ ವರ್ಗವಾಗಿತ್ತು. ಇನ್ಸ್‌ಪೆಕ್ಟರು ಷರಾ ಬರೆಯುತ್ತಿದ್ದ ಪುಸ್ತಕವನ್ನು ಗೆದ್ದಲು ತಿಂದಿತ್ತು. ಪ್ರಶ್ನೆ ಯಾರದೆಂದು ಅದರಲ್ಲೂ ಇರುತ್ತಿರಲಿಲ್ಲ ಬಿಡಿ. ಹಳೆಯ ಹಾಜರಿ ಪುಸ್ತಕಗಳ ಕಟ್ಟು ಮಾತ್ರ ಉಳಿದಿತ್ತು. ಹೊಸ ಹೆಡ್ ಮೇಷ್ಟ್ರು ಧೂಳು ಕೊಡವಿ ನನ್ನ ಮುಂದಿಟ್ಟರು. ತಪಾಸಣೆಯ ಮರುವರ್ಷದ್ದನ್ನು ಹುಡುಕಿ ಪುಟ ಪುಟವಾಗಿ ನೋಡಿದೆ. ಜೂನ್‌ನಿಂದ ಹಿಡಿದು ವರ್ಷದ ಕೊನೆಯ ತಿಂಗಳವರೆಗೆ ನಾಲ್ಕನೇ ತರಗತಿಯ ಹಾಜರಿಯ ಕೆಳಗೆ ಅಕ್ಕೋರ ಸಹಿ ಇದೆ, ಒಂದನೇ ತರಗತಿಯ ಕೆಳಗೆ ನನ್ನದು.