ಗೂಡು ಬೇಯುವ ನಾತ

ಚಾಮರಾಜನಗರದ ಅಂಚಿನಲ್ಲಿದ್ದ ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ನಾನು ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ. ಹರದನಹಳ್ಳಿಯಿಂದ ಬಸ್ಸಿನಲ್ಲಿ ಬಂದು ಇಳಿದರೆ ಶೆಡ್ಡು ಕಾಣುವ ಮೊದಲೇ ಅದರ ನಾತ ಎದುರಾಗುತ್ತಿತ್ತು. ಬಿಸಿನೀರಿನಲ್ಲಿ ಗೂಡಿನ ಜತೆಗೇ ಬೇಯುವ ಹುಳುಗಳ ನಾತ ಅದು. ಮೊದಲ ದಿನ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ಮನೆಗೆ ಹೋಗಿ ಸೀಗೆಪುಡಿ ಹಾಕಿ ತಿಕ್ಕಿದರೂ ಬೆರಳಿನ ಜಿಡ್ಡು ಹೋಗಲಿಲ್ಲ. ಆ ಕೈಯಲ್ಲಿ ಅನ್ನ ಕಲಸಲು ಹೇಸಿಗೆಯಾಗಿ ಚಮಚದಲ್ಲಿ ಉಂಡೆ.

ನನಗೆ ಕೆಲಸ ಕಲಿಸಬೇಕಾದವಳು ಅಲ್ಲಿನ ಹಳಬಳು, ಎಲ್ಲರೂ ಅಕ್ಕ ಅನ್ನುತ್ತಿದ್ದ ಹೆಂಗಸು. ಗೂಡು ಕಮ್ಮಿ ಬೆಂದರೆ ಎಳೆ ತುಂಡಾಗುತ್ತದೆ, ಹೆಚ್ಚು ಬೆಂದರೆ ಗಂಟುಗಂಟಾಗಿ ಏಳುತ್ತದೆ. ಅವಳ ಕೈಯಲ್ಲಿ ಎರಡೂ ಆಗುತ್ತಿರಲಿಲ್ಲ.

“ಯಾವಾಗ ತೆಗೀಬೇಕು ಅಂತ ಒಸಿ ಏಳಕ್ಕ,” ಅಂದೆ.

“ಕೈಗೆ ಗೊತ್ತಾಯ್ತದೆ ಕಣಮ್ಮಿ. ಬಾಯಲ್ಲಿ ಏಳಕ್ಕಾಯ್ತದಾ?”

ನನ್ನ ಗೂಡು ಕೆಟ್ಟಾಗಲೆಲ್ಲ ನಾಲಿಗೆ ಲೊಚಗುಟ್ಟಿ ಅದನ್ನು ಕಸಕ್ಕೆ ಎಸೆಯುತ್ತಿದ್ದಳು. ಏನು ಕೆಟ್ಟಿತು ಅಂತ ಮಾತ್ರ ಹೇಳುತ್ತಿರಲಿಲ್ಲ. ಗುಟ್ಟು ಬಿಟ್ಟುಕೊಡುತ್ತಿಲ್ಲ ಅಂದುಕೊಂಡೆ. ಹುಳುವಿನ ಮೇಲಿದ್ದ ಹೇಸಿಗೆ ಅವಳ ಮೇಲೂ ಹುಟ್ಟಿತು.

ಕೊನೆಗೆ ದಾರಿ ತೋರಿಸಿದ್ದು ನನ್ನ ಓಕರಿಕೆಯೇ. ನೀರಿಗೆ ಹಾಕಿದ ಹೊಸದರಲ್ಲಿ ಗೂಡು ನೆನೆದ ಹುಲ್ಲಿನ ಹಾಗೆ ವಾಸನೆ ಬರುತ್ತಿತ್ತು. ಆಮೇಲೆ ಬೆವರಿನ ಬಟ್ಟೆ ಕುದಿಸಿದ ಹಾಗೆ. ಇನ್ನೂ ಬಿಟ್ಟರೆ ಒಣಮೀನಿನ ನಾತ ಎದ್ದು ಹಿತ್ತಲಿಗೆ ಓಡಬೇಕಾಗುತ್ತಿತ್ತು. ಬೆವರಿನ ವಾಸನೆಗೆ ಎತ್ತಿದ ಗೂಡಿನ ಎಳೆ ತುಂಡಾಗದೆ ಬಂತು. ಖುಷಿಯಾಗಿ ಅಕ್ಕನಿಗೆ ಹೇಳಿದೆ.

“ನಾತವಾ? ಯಾವ ನಾತ?” ಅಂದಳು.

ಅವಳು ತಮಾಷೆ ಮಾಡುತ್ತಿರಲಿಲ್ಲ. ಆ ಹಬೆಯಲ್ಲೇ ವಯಸ್ಸು ಕಳೆದವಳಿಗೆ ನಾತ ಅನ್ನುವುದೇ ಇರಲಿಲ್ಲ. ಗೊತ್ತಿದ್ದದ್ದನ್ನು ಅವಳು ಬಚ್ಚಿಡುತ್ತಿರಲಿಲ್ಲ. ಹೇಗೆ ಗೊತ್ತಾಯಿತೆಂಬುದು ಅವಳಿಗೇ ಮರೆತುಹೋಗಿತ್ತು.

ಯಜಮಾನರು ಗುಂಡ್ಲುಪೇಟೆಯಲ್ಲಿ ಇನ್ನೊಂದು ಶೆಡ್ಡು ಹಾಕಿದಾಗ, ಹೊಸ ಹೆಂಗಸರಿಗೆ ಕಲಿಸಲು ಮೊದಲು ಹೋದವಳು ಅಕ್ಕನೇ. “ಅವ್ಕೆ ತಲೇನೆ ಇಲ್ಲ,” ಎಂದು ಬೈದುಕೊಂಡು ವಾಪಸು ಬಂದಳು. ಆಮೇಲೆ ನನ್ನನ್ನು ಕಳಿಸಿದರು. ಅಲ್ಲಿನ ಹೆಂಗಸರು ಸೆರಗು ಮೂಗಿಗೆ ಕಟ್ಟಿಕೊಂಡು ಕೂತಿದ್ದರು.

“ಸೆರಗ ತಗೀರಿ. ಯಾವಾಗ ಏನ್ ವಾಸ್ನೆ ಬತ್ತದೆ ಅಂತ ಬಾಯ್ಬುಟ್ಟು ಏಳಿ,” ಅಂದೆ.

“ಥೂ, ಇದ್ನೂ ಏಳ್ಬೇಕಾ?” ಎಂದು ಒಬ್ಬಳು ಉಗಿದಳು. ಇನ್ನೊಬ್ಬಳು, ಮೀನು ಮುಟ್ಟದ ಮನೆಯವಳು, ನನ್ನ ಒಣಮೀನಿನ ಮಾತಿಗೆ ಅಡ್ಡಡ್ಡ ತಲೆಯಾಡಿಸಿ, “ನಂಗದು ಗೊತ್ತಿಲ್ಲ ಕಣಕ್ಕ. ಸೀದೋದ ಹರಳೆಣ್ಣೆ ತರ ಐತೆ,” ಅಂದಳು. ನನಗೆ ಅದು ಸೀದ ಹರಳೆಣ್ಣೆ ಅಲ್ಲವೇ ಅಲ್ಲ. ಆದರೆ ಆ ವಾಸನೆ ಬರುವ ಮುಂಚೆ ಎತ್ತಿದಾಗ ಅವಳ ಗೂಡೂ ಸರಿಯಾಗಿ ಬಿಚ್ಚಿಕೊಂಡಿತು. ಅಲ್ಲಿಂದ ಅವರವರ ಹೇಸಿಗೆಗೆ ಅವರೇ ಹೆಸರಿಟ್ಟುಕೊಂಡರು. ವಾಸನೆಯ ಜತೆಗೆ ಬೆರಳನ್ನೂ ಸೇರಿಸಿದೆವು. ಒತ್ತಿ ಬಿಟ್ಟರೆ ಗೂಡು ಮತ್ತೆ ಉಬ್ಬಬೇಕು, ನೆನೆದ ಬ್ರೆಡ್ಡಿನ ಹಾಗೆ ಕುಸಿದರೆ ಹಾಳಾದಂತೆ. ಬೈಯುತ್ತ, ಉಗಿಯುತ್ತ ಅಷ್ಟೂ ಜನ ಕೆಲಸ ಕಲಿತರು.

ಕೆಲವು ವರ್ಷ ನಾನು ಅಲ್ಲೇ ಇದ್ದೆ. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಮುದ್ದೆ ಮುರಿದು ನುಂಗುತ್ತಿದ್ದೆ. ಹೊಸಬಳೊಬ್ಬಳು ನನ್ನನ್ನೇ ದಿಟ್ಟಿಸುತ್ತಿದ್ದಳು. ಬಗ್ಗಿ ನೋಡಿದರೆ, ನಾನು ಕೂತಿದ್ದದ್ದು ಬೆಂದ ಹುಳು ತುಂಬಿದ ಬುಟ್ಟಿಯ ಪಕ್ಕ. ಕೈಯಲ್ಲಿ ಅದೇ ಜಿಡ್ಡು. ಮೂಗಿಗೆ ಏನೂ ಬಡಿಯಲಿಲ್ಲ.

ಬಾಯಲ್ಲಿದ್ದ ತುತ್ತನ್ನು ಉಗಿದೆ. ಹುಳುವಿನ ಮೇಲೆ ಎಂದೂ ಹುಟ್ಟದಷ್ಟು ಹೇಸಿಗೆ ನನ್ನ ಮೇಲೆ ಹುಟ್ಟಿತು. ಆ ತಿಂಗಳೇ ಕೆಲಸ ಬಿಟ್ಟೆ. ಈಗ ಅಲ್ಲಿ ಕಲಿಸುತ್ತಿರುವವಳು ಆ ಮೀನು ಮುಟ್ಟದ ಮನೆಯವಳಂತೆ. ಹೊಸದಾಗಿ ಬಂದವರು ವಾಂತಿ ಮಾಡಿಕೊಂಡರೆ ನಗುವುದಿಲ್ಲವಂತೆ, ಬೆನ್ನು ಸವರಿ, ಏನು ನಾತ ಬಂತು ಅಂತ ಕೇಳುತ್ತಾಳಂತೆ.